ಬಿಸಿನೆಲದ ಮೇಲೆ ಒರಟುಗಲ್ಲು ಹಾಸುವವರಿಗೆ

ಬ್ರಿಟನ್ನಿನಲ್ಲಿ ಹಳೆಯ ಮನೆ ಕೊಂಡ ಕನ್ನಡಿಗರು ಕೈಯಲ್ಲಿ ನಾಲ್ಕು ಕಾಸು ಉಳಿದ ಕೂಡಲೇ ಕೈಹಾಕುವ ಕೆಲಸವೆಂದರೆ ಹಿಂಭಾಗದ ಗೋಡೆ ಒಡೆಸಿ ಅಡುಗೆಮನೆಯನ್ನು ತೋಟದ ಕಡೆಗೆ ಹಿಗ್ಗಿಸುವುದು. ಹೇಗೂ ಹೊಸ ನೆಲ ಬರುತ್ತದೆ, ಅದರಡಿ ಬಿಸಿನೀರಿನ ಪೈಪು ಹಾಕಿಸಿಬಿಡಿ ಎಂದು ಕಂಟ್ರಾಕ್ಟರ್ ಹೇಳುತ್ತಾನೆ. ಕಲ್ಲಿನ ಮಳಿಗೆಗೆ ಹೋದರೆ ರಾಜಸ್ಥಾನದ ಮರಳುಗಲ್ಲು, ಕೋಟಾ ಕಲ್ಲು, ತಾಂಡೂರಿನ ಸುಣ್ಣಕಲ್ಲು ಸಾಲಾಗಿ ಒರಗಿ ನಿಂತಿರುತ್ತವೆ. ಶಹಾಬಾದ್ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಓಡಾಡಿ ಬೆಳೆದವರಿಗೆ ಪಿಂಗಾಣಿ ಟೈಲ್ಸ್ ಕಡೆ ತಿರುಗಿ ನೋಡಲು ಮನಸ್ಸು ಬರುವುದಿಲ್ಲ.

ಬಿಸಿನೆಲಕ್ಕೂ ಕಲ್ಲಿಗೂ ಯಾವ ಜಗಳವೂ ಇಲ್ಲ. ತೊಡಕಿರುವುದು ಕಲ್ಲಿನ ದಪ್ಪದಲ್ಲಿ. ಕೈಯಿಂದ ಸೀಳಿದ ಚಪ್ಪಡಿ ಒಂದು ಮೂಲೆಯಲ್ಲಿ 18 ಮಿ.ಮೀ. ಇದ್ದರೆ ಎದುರು ಮೂಲೆಯಲ್ಲಿ 26 ಇರುತ್ತದೆ. ಪಕ್ಕದ ಚಪ್ಪಡಿಯ ಲೆಕ್ಕವೇ ಬೇರೆ. ಈ ಏರುಪೇರನ್ನು ಎಲ್ಲಿ ಅಡಗಿಸಬೇಕು ಎಂಬುದರ ಮೇಲೆ ಇಡೀ ಕೆಲಸ ನಿಂತಿದೆ. ಕಲ್ಲಿನ ಕೆಳಗಿನ ಅಂಟಿನ ಪದರದಲ್ಲಿ, ಅಲ್ಲಿ ಮಾತ್ರ ಎಂಬುದು ನನ್ನ ಉತ್ತರ. ಆ ಪದರದಲ್ಲಿ ಎಲ್ಲಿಯೂ ಗಾಳಿ ಉಳಿಯಬಾರದು. ಮುಂದೆ ಹೇಳುವ ಬಹುಪಾಲು ವಿಷಯ ಇದಕ್ಕೇ ಸಂಬಂಧಿಸಿದ್ದು.

ಕಲ್ಲು ದಪ್ಪವಾದರೆ ಶಾಖ ಬರುತ್ತದೆಯೇ?

ಬರುತ್ತದೆ. ಮರಳುಗಲ್ಲು, ಸ್ಲೇಟ್, ಗಟ್ಟಿ ಸುಣ್ಣಕಲ್ಲುಗಳ ಉಷ್ಣವಾಹಕತೆ ಪ್ರತಿ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 2 ವ್ಯಾಟ್. 30 ಮಿ.ಮೀ. ದಪ್ಪದ ಕಲ್ಲನ್ನು ಲೆಕ್ಕ ಹಾಕಿದರೆ ಅದರ ಉಷ್ಣರೋಧ 0.015 ಆಗುತ್ತದೆ. ಅದರ ಅರ್ಧದಷ್ಟೇ ದಪ್ಪದ ಓಕ್ ಹಲಗೆಯದು 0.09ರ ಆಸುಪಾಸು. ಬಿಸಿನೆಲದ ಹೊದಿಕೆಗೆ ಸಾಮಾನ್ಯವಾಗಿ ಒಪ್ಪುವ ಮಿತಿ 0.15. ಹಾಗಾಗಿ ಕಲ್ಲಿನ ದಪ್ಪ ಹೆಚ್ಚಾದರೆ ಕೋಣೆಗೆ ಸಿಗುವ ಶಾಖ ಕಡಿಮೆಯಾಗುತ್ತದೆ ಎಂಬ ಭಯ ಬೇಡ. ನೆಲ ಬಿಸಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಆರಲು ಕೂಡ ಅಷ್ಟೇ ಹೊತ್ತು ಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ.

ನಿಜವಾದ ಶತ್ರು ಗಾಳಿ. ಕಲ್ಲಿನಡಿ ಎರಡು ಮಿಲಿಮೀಟರಿನ ಟೊಳ್ಳು ಉಳಿದರೂ ಅದರ ರೋಧ ಮೂರು ಸೆಂಟಿಮೀಟರ್ ಕಲ್ಲಿನ ರೋಧಕ್ಕಿಂತ ಎಷ್ಟೋ ಹೆಚ್ಚು. ಜೊತೆಗೆ ಟೊಳ್ಳಿನ ಮೇಲಿನ ಕಲ್ಲಿಗೆ ಆಸರೆಯಿಲ್ಲ. ನೆಲ ದಿನವೂ ಬಿಸಿಯಾಗಿ ಆರುತ್ತಿರುವಾಗ, ಮೇಲೆ ಯಾರೋ ಗ್ಯಾಸ್ ಒಲೆ ಇಳಿಸಿದರೆ ಬಿರುಕು ಬಿಡುವುದು ಅಲ್ಲಿಯೇ.

ಕಲ್ಲಿನ ಆಯ್ಕೆ

ಮಳಿಗೆಯವರು ಇಡುವ ಹೆಸರುಗಳಿಗೆ ಮರುಳಾಗಬೇಡಿ. ಕಾಂಡ್ಲಾ ಗ್ರೇ ಎಂದು ಬ್ರಿಟನ್ನಿನ ತುಂಬ ಮಾರಾಟವಾಗುವ ಕಲ್ಲು ಕಛ್‌ನಲ್ಲಿ ಹುಟ್ಟಿದ್ದಲ್ಲ. ರಾಜಸ್ಥಾನದ ಮರಳುಗಲ್ಲು ಕಾಂಡ್ಲಾ ಬಂದರಿನ ಹೆಸರು ಹೊತ್ತು ಬಂದಿದೆ. ಯಾವ ಜಾತಿಯ ಕಲ್ಲು, ಯಾವ ಊರಿನ ಗಣಿಯದು, ನೀರು ಎಷ್ಟು ಹೀರುತ್ತದೆ ಎಂದು ಕೇಳಿ. ಉತ್ತರ ಕೊಡಲಾಗದ ಅಂಗಡಿಯಲ್ಲಿ ಒಳಾಂಗಣಕ್ಕೆ ಕಲ್ಲು ಕೊಳ್ಳದಿರುವುದು ಒಳ್ಳೆಯದು.

ಕೆಳಭಾಗವನ್ನು ಯಂತ್ರದಲ್ಲಿ ಉಜ್ಜಿ ಒಂದೇ ದಪ್ಪಕ್ಕೆ ತಂದ ಕಲ್ಲನ್ನು ಕ್ಯಾಲಿಬ್ರೇಟೆಡ್ ಎಂದು ಮಾರುತ್ತಾರೆ. ಅದರಲ್ಲಿಯೂ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ಆದರೂ ಕೆಲಸ ಅರ್ಧಕ್ಕರ್ಧ ಹಗುರವಾಗುತ್ತದೆ. ಮೇಲ್ಮೈ ಒರಟಾಗಿದ್ದು ತಳ ಸಮವಾಗಿರುವ ಕಲ್ಲು ಸಿಕ್ಕರೆ ಸ್ವಲ್ಪ ಹೆಚ್ಚು ಬೆಲೆ ಕೊಟ್ಟಾದರೂ ತೆಗೆದುಕೊಳ್ಳಿ. ಎರಡೂ ಕಡೆ ಸೀಳಿದ್ದೇ ಬೇಕು ಎನ್ನುವವರಿಗಾಗಿ ಈ ಲೇಖನದ ಉಳಿದ ಭಾಗ.

ಶಹಾಬಾದ್, ತಾಂಡೂರು ಎರಡೂ ಭೀಮಾ ತೀರದ ಒಂದೇ ಶಿಲಾಸಮೂಹದ ಸುಣ್ಣಕಲ್ಲುಗಳು; ಪದರ ಪದರವಾಗಿ ಏಳುತ್ತವೆ, ತಕ್ಕಮಟ್ಟಿಗೆ ಸಮವಾಗಿಯೇ ಸೀಳುತ್ತವೆ. ಬಿಸಿನೆಲಕ್ಕೆ ಚೆನ್ನಾಗಿ ಒಗ್ಗುತ್ತವೆ. ಆದರೆ ಸುಣ್ಣಕಲ್ಲಿಗೆ ಹುಳಿ ಆಗಿಬರುವುದಿಲ್ಲ. ಹುಣಸೆರಸ, ನಿಂಬೆಹಣ್ಣು ಬಿದ್ದ ಕಡೆ ಹೊಳಪು ಹೋಗಿ ಮಸುಕಾದ ಕಲೆ ಉಳಿಯುತ್ತದೆ. ಒಂದು ತುಂಡನ್ನು ಮನೆಗೆ ತಂದು ಅದರ ಮೇಲೆ ಒಂದು ಕಡೆ ನಿಂಬೆರಸ, ಇನ್ನೊಂದು ಕಡೆ ಅರಿಶಿನ ಕಲಸಿದ ಎಣ್ಣೆ ಸುರಿದು ರಾತ್ರಿಯಿಡೀ ಬಿಡಿ. ನಮ್ಮ ಅಡುಗೆಮನೆಗೆ ಯಾವ ಕಲ್ಲು ಬಾಳುತ್ತದೆ ಎಂಬುದು ಬೆಳಿಗ್ಗೆ ಗೊತ್ತಾಗುತ್ತದೆ.

ಸ್ಲೇಟ್ ಕಲ್ಲನ್ನು ಆರಿಸುವಾಗ ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡಿ. ಗಟ್ಟಿ ಕಲ್ಲು ಕಣಕಣಿಸುತ್ತದೆ; ಒಳಗೆ ಪದರ ಬಿಟ್ಟಿದ್ದರೆ ಮಂಕು ಸದ್ದು ಬರುತ್ತದೆ. ಹಾಗೆ ಬಿಟ್ಟ ಪದರ ಬಿಸಿನೆಲದ ಮೇಲೆ ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಚಕ್ಕೆಚಕ್ಕೆಯಾಗಿ ಏಳುತ್ತದೆ. ತಂತಿಬ್ರಷ್‌ನಿಂದ ಉಜ್ಜಿ, ಏಳುವುದನ್ನೆಲ್ಲ ಮೊದಲೇ ಎಬ್ಬಿಸಿಬಿಡಬೇಕು.

ಅಂಗಳಕ್ಕೆಂದು ಮಾರುವ, ತೀರಾ ಉಬ್ಬುತಗ್ಗಿನ ಚಪ್ಪಡಿಗಳನ್ನು ಅಗ್ಗವೆಂದು ಅಡುಗೆಮನೆಗೆ ತರುವುದು ನನಗೆ ಸರಿ ಕಾಣುವುದಿಲ್ಲ. ಕುರ್ಚಿ ಅಲ್ಲಾಡುತ್ತದೆ, ಒರೆಸುವ ಬಟ್ಟೆ ಸಿಕ್ಕಿಕೊಳ್ಳುತ್ತದೆ, ತಗ್ಗುಗಳಲ್ಲಿ ಎಣ್ಣೆಜಿಡ್ಡು ಕೂರುತ್ತದೆ.

ಎತ್ತರ ಮತ್ತು ತೂಕದ ಲೆಕ್ಕ

ಪೈಪು ಹಾಕುವವನು ಬರುವ ಮೊದಲೇ ಕಲ್ಲು ನಿಮ್ಮ ಕೈಯಲ್ಲಿರಬೇಕು, ಕನಿಷ್ಠ ಅದರ ಅತಿ ದಪ್ಪದ ಅಳತೆಯಾದರೂ ಗೊತ್ತಿರಬೇಕು. ಮುಗಿದ ನೆಲದ ಮಟ್ಟವನ್ನು ನಿರ್ಧರಿಸುವುದು ಅತ್ಯಂತ ದಪ್ಪನೆಯ ಕಲ್ಲು. ಅದು 28 ಮಿ.ಮೀ. ಇದ್ದು ಅದರಡಿ ಕನಿಷ್ಠ 4 ಮಿ.ಮೀ. ಅಂಟು ಬೇಕೆಂದರೆ ಸ್ಕ್ರೀಡಿನ (ಪೈಪು ಮುಚ್ಚಲು ಹಾಕುವ ಗಾರೆಯ ಪದರ) ಮೇಲೆ 32. ಉಬ್ಬುಗಳಿಗೆಂದು 35 ಇಟ್ಟುಕೊಳ್ಳಿ. ಹಾಗಾದರೆ 18 ಮಿ.ಮೀ. ಕಲ್ಲಿನಡಿ ಅಂಟು 14 ಮಿ.ಮೀ. ದಾಟುತ್ತದೆ. ಈ ಲೆಕ್ಕವನ್ನು ತೋಟದ ಕಡೆಯ ಜಾರುಬಾಗಿಲಿನ ಹಳಿಯಿಂದ ಹಿಂದಕ್ಕೆ ಎಣಿಸಿಕೊಂಡು ಬಂದು ಸ್ಕ್ರೀಡಿನ ಮಟ್ಟ ಗುರುತಿಸಬೇಕು. ಸ್ಕ್ರೀಡ್ ಆದ ಮೇಲೆ ಲೆಕ್ಕ ಹಾಕಲು ಕೂತರೆ ಒಂದೋ ಬಾಗಿಲು ಕೆತ್ತಬೇಕು, ಇಲ್ಲವೇ ಹೊಸ್ತಿಲ ಬಳಿ ಎಡವಬೇಕು.

20 ಮಿ.ಮೀ. ಮರಳುಗಲ್ಲು ಚದರ ಮೀಟರಿಗೆ 48 ಕಿಲೋ ಸುಮಾರು ತೂಗುತ್ತದೆ. 30 ಚದರ ಮೀಟರಿಗೆ ಹತ್ತಿರಹತ್ತಿರ ಒಂದೂವರೆ ಟನ್. ನೆಲಮಹಡಿಯ ಕಾಂಕ್ರೀಟಿಗೆ ಇದು ಲೆಕ್ಕಕ್ಕಿಲ್ಲ. ಮಹಡಿಯ ಮರದ ತೊಲೆಗಳ ಮೇಲಾದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳದೆ ಕೈಹಾಕಬೇಡಿ.

ಅಂಟಿನ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. ಚೀಲದ ಮೇಲೆ ಮುದ್ರಿಸಿರುವ ಅಂದಾಜು ತೆಳು ಟೈಲ್ಸ್‌ಗೆ. ಒಂದು ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ ಒಂದೂವರೆ ಕಿಲೋ ಹಿಡಿಯಿರಿ. ಸರಾಸರಿ 9 ಮಿ.ಮೀ. ಬಿದ್ದರೆ 30 ಚದರ ಮೀಟರಿಗೆ 405 ಕಿಲೋ ಬೇಕು. 20 ಕಿಲೋದ ಇಪ್ಪತ್ತೊಂದು ಚೀಲ. ಕೆಲಸ ಅರ್ಧವಾದಾಗ ಅಂಟು ಮುಗಿದು, ಅಂಗಡಿಯಲ್ಲಿ ಅದೇ ಜಾತಿಯ ಚೀಲ ಇಲ್ಲದೆ ಹೋಗುವುದು ಹೊಸ ಸುದ್ದಿಯೇನಲ್ಲ.

ಪೈಪು, ಸ್ಕ್ರೀಡ್ ಮತ್ತು ಕಾಯುವ ಕೆಲಸ

ಕೆಳಗಿನಿಂದ ಮೇಲಕ್ಕೆ: ಕಾಂಕ್ರೀಟು, ತೇವತಡೆ ಹಾಳೆ, ಉಷ್ಣತಡೆ ಹಲಗೆ, ಅದರ ಮೇಲೆ 150ರಿಂದ 200 ಮಿ.ಮೀ. ಅಂತರದಲ್ಲಿ ಸುತ್ತುಸುತ್ತಾಗಿ 16 ಮಿ.ಮೀ. ಪೈಪು, ಪೈಪು ಮುಚ್ಚುವಂತೆ ಸ್ಕ್ರೀಡ್. ಗೋಡೆಯ ಉದ್ದಕ್ಕೂ ಸುಮಾರು 10 ಮಿ.ಮೀ. ದಪ್ಪದ ಸ್ಪಂಜಿನ ಪಟ್ಟಿ. ದೊಡ್ಡ ಗಾಜಿನ ಬಾಗಿಲಿನ ಪಕ್ಕದಲ್ಲಿ ಪೈಪುಗಳನ್ನು ಇನ್ನೂ ಹತ್ತಿರ ತರುತ್ತಾರೆ. ಅಡುಗೆಮನೆಯ ಕಪಾಟುಗಳು ಕೂರುವಲ್ಲಿ ಪೈಪು ಬೇಡ. ಸ್ಕ್ರೀಡ್ ಹಾಕುವ ಮೊದಲು ಟೇಪ್ ಹಿಡಿದು ಇಡೀ ನೆಲದ ಫೋಟೋ ತೆಗೆದುಕೊಳ್ಳಿ. ನಡುವಿನ ಕಟ್ಟೆಗೆ ನೆಲದಲ್ಲಿ ತೂತು ಕೊರೆಯುವ ದಿನ ಆ ಫೋಟೋಗೆ ಬೆಲೆ ಬರುತ್ತದೆ. ಪೈಪಿಗೆ ನೀರು ತುಂಬಿಸಿ ಒತ್ತಡ ಪರೀಕ್ಷೆ ಮಾಡಬೇಕು, 4ರಿಂದ 6 ಬಾರ್. ಸ್ಕ್ರೀಡ್ ಹಾಕುವಾಗಲೂ ಒತ್ತಡ ಹಾಗೆಯೇ ಇರಬೇಕು. ಯಾರದಾದರೂ ಸಲಿಕೆ ಪೈಪಿಗೆ ತಾಗಿದರೆ ಒತ್ತಡಮಾಪಕದ ಮುಳ್ಳು ಇಳಿಯುತ್ತದೆ, ಅಲ್ಲೇ ಸಿಕ್ಕಿಬೀಳುತ್ತದೆ.

ಸ್ಕ್ರೀಡಿನಲ್ಲಿ ಎರಡು ಬಗೆ. ಮರಳು-ಸಿಮೆಂಟಿನದನ್ನು 65ರಿಂದ 75 ಮಿ.ಮೀ. ದಪ್ಪಕ್ಕೆ ಕೈಯಿಂದ ಎಳೆಯುತ್ತಾರೆ. ಇನ್ನೊಂದು ಕ್ಯಾಲ್ಸಿಯಂ ಸಲ್ಫೇಟಿನ ಅನ್‌ಹೈಡ್ರೈಟ್, ಪಂಪಿನಿಂದ ಸುರಿಯುವಂಥದ್ದು, 50 ಮಿ.ಮೀ. ಸಾಕು, ಪೈಪಿನ ಸುತ್ತ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಕನ್ನಡಿಯಂತೆ ಸಮವಾಗಿರುತ್ತದೆ. ಆದರೆ ಅದರ ಮೇಲೆ ಸಿಮೆಂಟ್ ಅಂಟನ್ನು ನೇರವಾಗಿ ಬಳಿಯಬಾರದು. ಸಲ್ಫೇಟೂ ಸಿಮೆಂಟೂ ತೇವದಲ್ಲಿ ಸೇರಿ ಎಟ್ರಿಂಗೈಟ್ ಎಂಬ ಹರಳು ಬೆಳೆಯುತ್ತದೆ. ಅದು ಉಬ್ಬಿ ಅಂಟನ್ನು ತಳದಿಂದ ಬಿಡಿಸುತ್ತದೆ. ಮೇಲಿನ ತೆಳು ಕೆನೆಯನ್ನು ಮರಳುಕಾಗದದ ಯಂತ್ರದಿಂದ ಉಜ್ಜಿ ತೆಗೆದು, ಧೂಳು ಹೀರಿಸಿ, ಅದಕ್ಕೆಂದೇ ಇರುವ ಪ್ರೈಮರನ್ನು ಎರಡು ಸಲ ಬಳಿದ ಮೇಲೆಯೇ ಮುಂದಿನ ಮಾತು. ಜಿಪ್ಸಂ ಆಧಾರಿತ ಅಂಟು ಬಳಸಿದರೆ ಈ ಭಯ ಇಲ್ಲ.

ಯಾವ ಬಗೆಯಾದರೂ ಸ್ಕ್ರೀಡ್ ಸಪಾಟಾಗಿರಬೇಕು: ಎರಡು ಮೀಟರ್ ಪಟ್ಟಿ ಇಟ್ಟರೆ ಅದರಡಿ 3 ಮಿ.ಮೀ.ಗಿಂತ ಹೆಚ್ಚು ಬೆಳಕು ಕಾಣಬಾರದು. ಕಲ್ಲೇ ಏರುಪೇರು, ಸ್ಕ್ರೀಡ್ ಹೇಗಿದ್ದರೇನು ಎನ್ನುವ ಗುತ್ತಿಗೆದಾರನನ್ನು ನಂಬಬೇಡಿ. ಎರಡು ಏರುಪೇರುಗಳು ಒಂದರ ಮೇಲೊಂದು ಕೂತರೆ ಅಂಟಿನ ಪದರ ಒಂದು ಕಡೆ ಎರಡು, ಇನ್ನೊಂದು ಕಡೆ ಇಪ್ಪತ್ತೈದು ಮಿ.ಮೀ. ಆಗುತ್ತದೆ, ದಪ್ಪವಿದ್ದ ಕಡೆ ಅಂಟು ಒಣಗುತ್ತ ಕುಗ್ಗಿ ಕಲ್ಲನ್ನು ಕೆಳಕ್ಕೆ ಎಳೆಯುತ್ತದೆ.

ಇನ್ನು ಕಾಯುವ ಮಾತು. ಮರಳು-ಸಿಮೆಂಟ್ ಸ್ಕ್ರೀಡ್ ಮೊದಲ 50 ಮಿ.ಮೀ.ವರೆಗೆ ದಿನಕ್ಕೊಂದು ಮಿ.ಮೀ.ನಂತೆ ಒಣಗುತ್ತದೆ, ಅದಕ್ಕಿಂತ ದಪ್ಪವಾದರೆ ಇನ್ನೂ ನಿಧಾನ. 65 ಮಿ.ಮೀ. ಎಂದರೆ ಎರಡು ತಿಂಗಳು ಮೀರುತ್ತದೆ. ಹಾಗೆಂದು ಮೊದಲ ವಾರವೇ ಹೀಟಿಂಗ್ ಹಾಕಿ ಒಣಗಿಸಲು ಹೋದರೆ ಸ್ಕ್ರೀಡ್ ಸುರುಟಿ ಸೀಳುತ್ತದೆ. ಯುರೋಪಿನ ಇಎನ್ 1264 ಮಾನದಂಡದ ಪ್ರಕಾರ ಸಿಮೆಂಟಿನದಾದರೆ 21 ದಿನ, ಅನ್‌ಹೈಡ್ರೈಟ್ ಆದರೆ 7 ದಿನ ಕಳೆಯದೆ ಬಿಸಿ ಮಾಡುವಂತಿಲ್ಲ. ಆಮೇಲೂ ಮೊದಲ ಮೂರು ದಿನ ನೀರಿನ ಉಷ್ಣತೆ 20ರಿಂದ 25 ಡಿಗ್ರಿ. ನಂತರ ವ್ಯವಸ್ಥೆಯ ಗರಿಷ್ಠ ಮಟ್ಟಕ್ಕೆ ಏರಿಸಿ ಕನಿಷ್ಠ ನಾಲ್ಕು ದಿನ ಅಲ್ಲೇ ಇಡಬೇಕು. ಕಲ್ಲು ಬರುವ ಮೊದಲೇ ಸ್ಕ್ರೀಡ್ ಒಂದು ಸಲ ಹಿಗ್ಗಿ ಕುಗ್ಗಿ ತನ್ನ ಬಿರುಕನ್ನೆಲ್ಲ ತೋರಿಸಿಬಿಡಬೇಕು ಎಂಬುದೇ ಇದರ ಹಿಂದಿನ ವಿವೇಕ. ತೇವ ಎಷ್ಟಿದೆ ಎಂಬುದನ್ನು ನೆಲಕ್ಕೆ ಅಂಟಿಸುವ ತೇವಮಾಪಕದಿಂದ ನೋಡಿ, ಸಾಪೇಕ್ಷ ಆರ್ದ್ರತೆ ಶೇ. 75ರ ಕೆಳಗೆ ಇಳಿದಿದ್ದರೆ ಕಲ್ಲು ಹಾಸಬಹುದು. ಅಂಗೈ ಇಟ್ಟು ನೋಡಿ ಒಣಗಿದೆ ಎನ್ನುವವರ ಮಾತು ಕೇಳಬೇಡಿ.

ಕೂದಲೆಳೆಯ ಬಿರುಕುಗಳು ಕಂಡರೆ, ಅಥವಾ ಕಾಣದಿದ್ದರೂ, ನಾನು ಸ್ಕ್ರೀಡಿನ ಮೇಲೆ ಬಿರುಕುತಡೆ ಮ್ಯಾಟ್ ಹಾಕಿಸುವ ಪಕ್ಷದವನು. ಸ್ಕ್ರೀಡ್ ಅಡ್ಡಡ್ಡ ಸರಿದರೂ ಆ ಎಳೆತ ಕಲ್ಲಿಗೆ ತಲುಪದಂತೆ ಅದು ನೋಡಿಕೊಳ್ಳುತ್ತದೆ. ಇನ್ನೂರು-ಮುನ್ನೂರು ಪೌಂಡಿಗೆ ಹಿಂದೆಮುಂದೆ ನೋಡಿ ಇದನ್ನು ಬಿಡುವವರಿದ್ದಾರೆ. ಟನ್ನುಗಟ್ಟಲೆ ಕಲ್ಲು ಕೊಂಡವರಿಗೆ ಇದೊಂದು ಉಳಿತಾಯವೇ ಅಲ್ಲ.

ಕಲ್ಲನ್ನು ವಿಂಗಡಿಸುವುದು

ಪೆಟ್ಟಿಗೆ ಒಡೆದು ಮೇಲಿನ ಕಲ್ಲಿನಿಂದ ಹಾಸುತ್ತ ಹೋಗುವುದೇ ಎಲ್ಲ ತೊಂದರೆಗಳ ಮೂಲ. ಮೊದಲು ಎಲ್ಲವನ್ನೂ ಮನೆಯೊಳಗೆ ತನ್ನಿ. ಬ್ರಿಟನ್ನಿನ ಕಲ್ಲಿನ ಮಳಿಗೆಗಳು ಚಪ್ಪಡಿಗಳನ್ನು ಬಯಲಿನಲ್ಲಿ, ಮಳೆಯಲ್ಲಿ ಇಟ್ಟಿರುತ್ತವೆ. ನೆನೆದ ಮರಳುಗಲ್ಲು ಒಣಗಲು ವಾರಗಟ್ಟಲೆ ಬೇಕು. ಗಾಳಿಯಾಡುವಂತೆ ಲಂಬವಾಗಿ ಒರಗಿಸಿಡಿ. ತಳಭಾಗಕ್ಕೆ ಅಂಟಿದ ಗಣಿಯ ಹುಡಿಯನ್ನು ನೀರು ಹಾಕಿ ಗಟ್ಟಿ ಬ್ರಷ್‌ನಿಂದ ತೊಳೆಯಬೇಕು. ಹುಡಿಯ ಮೇಲೆ ಬಳಿದ ಅಂಟು ಹುಡಿಯನ್ನೇ ಹಿಡಿಯುತ್ತದೆ, ಕಲ್ಲನ್ನು ಹಿಡಿಯುವುದಿಲ್ಲ.

ಆಮೇಲೆ ಅಳತೆ. ಪ್ರತಿ ಕಲ್ಲಿನ ನಾಲ್ಕೂ ಮೂಲೆಯ ದಪ್ಪ ನೋಡಿ, ದಪ್ಪನೆಯ ಮೂಲೆಯ ಅಂಕಿಯನ್ನು ಬದಿಯ ಮೇಲೆ ಸೀಮೆಸುಣ್ಣದಿಂದ ಬರೆಯಿರಿ. ಅಳತೆಯ ಉಪಕರಣವೇ ಬೇಕೆಂದಿಲ್ಲ. ಒಂದು ಹಲಗೆಯ ಅಂಚಿನಲ್ಲಿ 20, 24, 28 ಮಿ.ಮೀ. ಅಗಲದ ಮೂರು ಕಚ್ಚು ಕತ್ತರಿಸಿಕೊಂಡರೆ ಸಾಕು. ಯಾವ ಕಚ್ಚಿಗೆ ಕಲ್ಲಿನ ಅಂಚು ಹಿಡಿಯುತ್ತದೋ ಆ ರಾಶಿಗೆ ಅದು ಹೋಗುತ್ತದೆ. ತೆಳು, ನಡು, ದಪ್ಪ ಎಂದು ಮೂರು ರಾಶಿ. 28ರ ಕಚ್ಚಿಗೂ ಹಿಡಿಯದವನ್ನು ಪಕ್ಕಕ್ಕಿಡಿ. ಅವನ್ನು ಗ್ರೈಂಡರಿನಿಂದ ತಳ ಉಜ್ಜಿ ಇಳಿಸಬೇಕು, ಇಲ್ಲವೇ ಕತ್ತರಿಸಿ ಕಪಾಟಿನಡಿಗೆ ತಳ್ಳಬೇಕು. ಒಂದೆರಡು ಕಲ್ಲಿಗಾಗಿ ಇಡೀ ನೆಲವನ್ನು ಎತ್ತರಿಸುವುದು ಬುದ್ಧಿವಂತಿಕೆಯಲ್ಲ.

ತೆಳು ರಾಶಿಗೆ ಒಂದು ಉಪಾಯವಿದೆ. ಹಾಸುವ ಹಿಂದಿನ ದಿನ ಆ ಕಲ್ಲುಗಳನ್ನು ಬೋರಲು ಮಾಡಿ, ತಳಕ್ಕೆ ಅದೇ ಅಂಟನ್ನು ಐದಾರು ಮಿ.ಮೀ. ದಪ್ಪಕ್ಕೆ ಒತ್ತಿ ಬಳಿದು, ಮೇಲೆ ಕರಣೆಯ ತುದಿಯಿಂದ ಗೀರಿ, ಒಣಗಲು ಬಿಡಿ. ಮಾರನೆಯ ದಿನ ಅವು ನಡು ರಾಶಿಯ ದಪ್ಪಕ್ಕೆ ಬಂದಿರುತ್ತವೆ. ಒಂದೇ ಸಲ ದಪ್ಪ ಅಂಟಿನ ಮೇಲೆ ಕೂರಿಸಿದಾಗ ಆಗುವ ಕುಸಿತ, ಕುಗ್ಗು ಎರಡೂ ತಪ್ಪುತ್ತವೆ. ಕೆಲಸಗಾರರಿಗೆ ಇದು ಇಷ್ಟವಾಗುವುದಿಲ್ಲ, ದಿನಗೂಲಿ ಲೆಕ್ಕದಲ್ಲಿ ಕರೆದರೆ ಮಾತ್ರ ಒಪ್ಪುತ್ತಾರೆ.

ಬಣ್ಣದ ಹಂಚಿಕೆಯೂ ಇದೇ ಹೊತ್ತಿನಲ್ಲಿ ಆಗಲಿ. ಎಲ್ಲ ಪೆಟ್ಟಿಗೆಗಳ ಕಲ್ಲನ್ನೂ ಬೆರೆಸಿ, ಒಣದಾಗಿಯೇ ನೆಲದ ಮೇಲೆ ಜೋಡಿಸಿ ನೋಡಿ. ಬೇರೆ ಬೇರೆ ಅಳತೆಯ ಚಪ್ಪಡಿಗಳಾದರೆ ನಾಲ್ಕು ಮೂಲೆಗಳು ಒಂದೇ ಕಡೆ ಕೂಡಬಾರದು, ಒಂದೇ ಸಂದು ಮೂರು ಕಲ್ಲಿಗಿಂತ ಉದ್ದ ಓಡಬಾರದು. ಊಟದ ಮೇಜು, ಫ್ರಿಜ್, ಬಾಗಿಲು ತಿರುಗುವ ಜಾಗಗಳಿಗೆ ಇದ್ದುದರಲ್ಲಿ ನುಣುಪಾದವನ್ನು ಎತ್ತಿಡಿ.

ಕತ್ತರಿಸುವ ಕೆಲಸ ಹೊರಗೆ, ನೀರು ಬಿಡುತ್ತ ಆಗಬೇಕು. ಮರಳುಗಲ್ಲಿನ ಬಹುಪಾಲು ಸಿಲಿಕಾ. ಅದರ ಸಣ್ಣ ಧೂಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ಎಫ್‌ಎಫ್‌ಪಿ3 ದರ್ಜೆಯ ಮುಖಗವಸು ಹಾಕಿಕೊಳ್ಳಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ.

ಹಾಸುವುದು

ಹೀಟಿಂಗನ್ನು ಎರಡು ದಿನ ಮೊದಲೇ ಆರಿಸಿ. ಬೆಚ್ಚಗಿನ ಸ್ಕ್ರೀಡಿನ ಮೇಲೆ ಅಂಟು ಬಳಿದರೆ ನೀರು ಬೇಗ ಹಾರಿ ಮೇಲೆ ಕೆನೆಗಟ್ಟುತ್ತದೆ. ಕಲ್ಲು ಕೂತಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಚಳಿಗಾಲವಾದರೆ ಬೇರೆ ಹೀಟರಿಟ್ಟು ಕೋಣೆಯನ್ನು 15 ಡಿಗ್ರಿ ಸುಮಾರಿಗೆ ಇಟ್ಟುಕೊಳ್ಳಿ.

ಅಂಟು ಸಿ2 ಎಸ್1 ದರ್ಜೆಯದಾಗಿರಲಿ. ಇಲ್ಲಿ ಸಿ2 ಎಂದರೆ ಹೆಚ್ಚು ಹಿಡಿತದ ಸಿಮೆಂಟ್ ಅಂಟು, ಎಸ್1 ಎಂದರೆ ಒಣಗಿದ ಮೇಲೂ ಸ್ವಲ್ಪ ಬಾಗುವ ಗುಣ. ದಪ್ಪ ಪದರಕ್ಕೆ, ಅಂದರೆ 20 ಮಿ.ಮೀ.ವರೆಗಾದರೂ, ಬಳಸಬಹುದು ಎಂದು ಚೀಲದ ಮೇಲೆ ಬರೆದಿರಬೇಕು. ತಿಳಿಬಣ್ಣದ ಸುಣ್ಣಕಲ್ಲಿಗೆ ಬಿಳಿಯ, ಬೇಗ ಗಟ್ಟಿಯಾಗುವ ಅಂಟೇ ಸರಿ. ಬೂದು ಅಂಟಿನ ತೇವ ಕಲ್ಲಿನ ಮೂಲಕ ಮೇಲೇರಿ ಮೋಡದಂಥ ನೆರಳು ಬಿಡುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅರ್ಧ ಗಂಟೆಯೊಳಗೆ ಮುಗಿಯುವಷ್ಟನ್ನೇ ಕಲಸಿ. ಕರಣೆಯಲ್ಲಿ ಎಳೆದ ಗೆರೆ ಕುಸಿಯದೆ ನಿಂತರೆ ಹದ ಸರಿಯಿದೆ.

ಮಟ್ಟವನ್ನು ಗೋಡೆಗಳ ಮೇಲೆ ಲೇಸರಿನಿಂದ ಗುರುತಿಸಿ, ದಾರ ಕಟ್ಟಿ. ಒರಟು ಕಲ್ಲಿನ ಮೇಲೆ ರಸಮಟ್ಟ ಇಟ್ಟು ನೋಡುವುದು ವ್ಯರ್ಥ. ಯಾವುದೋ ಉಬ್ಬಿನ ಮೇಲೆ ಕೂತು ಅದು ತಪ್ಪು ಹೇಳುತ್ತದೆ. ದಾರಕ್ಕೆ ಕಲ್ಲಿನ ಅಂಚುಗಳನ್ನು ಹೊಂದಿಸಬೇಕು. ಮೊದಲ ಸಾಲಿಗೆ ದಪ್ಪ ರಾಶಿಯ ಕಲ್ಲುಗಳನ್ನೇ ಇಡಿ. ಅವು ಕೂತ ಮಟ್ಟ ಉಳಿದವಕ್ಕೆ ದಾರಿ ತೋರಿಸುತ್ತದೆ. ತೆಳು ಕಲ್ಲಿನಿಂದ ಶುರುಮಾಡಿದವರು ಮೂರನೆಯ ಸಾಲಿನಲ್ಲಿ ದಪ್ಪ ಕಲ್ಲು ಎದುರಾದಾಗ ಕೈಚೆಲ್ಲಬೇಕಾಗುತ್ತದೆ.

ಒಂದು ಕಲ್ಲು ಕೂರುವ ಬಗೆ ಹೀಗೆ. ಸ್ಕ್ರೀಡಿನ ಮೇಲೆ ಕರಣೆಯ ಚಪ್ಪಟೆ ಬದಿಯಿಂದ ತೆಳುವಾಗಿ ಅಂಟನ್ನು ಒತ್ತಿ ಉಜ್ಜಿ, ಅದರ ಮೇಲೆ ಬೇಕಾದ ದಪ್ಪಕ್ಕೆ ಹರಡಿ, ದೊಡ್ಡ ಹಲ್ಲಿನ ಕರಣೆಯನ್ನು ಒಂದೇ ದಿಕ್ಕಿಗೆ ಎಳೆಯಿರಿ. ವೃತ್ತಾಕಾರದಲ್ಲಿ ಎಳೆದರೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ನೇರ ಗೆರೆಗಳ ನಡುವಿನಿಂದ ಅದು ಹೊರಗೆ ಓಡುತ್ತದೆ. ಕಲ್ಲಿನ ತಳಕ್ಕೂ ಪೂರ್ತಿಯಾಗಿ ಬಳಿಯಿರಿ, ತಗ್ಗಿದ್ದ ಕಡೆ ತುಂಬಿಸಿ ಸಮ ಮಾಡಿ. ಕಲ್ಲನ್ನು ಇಳಿಸಿ, ಗೆರೆಗಳಿಗೆ ಅಡ್ಡವಾಗಿ ಒಂದು ಬೆರಳಗಲ ಹಿಂದೆಮುಂದೆ ಜಾರಿಸಿ, ರಬ್ಬರ್ ಸುತ್ತಿಗೆಯಿಂದ ನಡುವಿನಿಂದ ಅಂಚಿನ ಕಡೆಗೆ ತಟ್ಟಿ. ನಾಲ್ಕೂ ಬದಿಯಲ್ಲಿ ಅಂಟು ಸ್ವಲ್ಪ ಹೊರಗೆ ಇಣುಕಬೇಕು.

ಈಗ ಮೊದಲ ಕಲ್ಲನ್ನು ಮತ್ತೆ ಎತ್ತಿ. ಸಲೀಸಾಗಿ ಬರುವುದಿಲ್ಲ, ಹೀರಿಕೊಂಡಂತೆ ಹಿಡಿಯುತ್ತದೆ. ಕರಣೆ ತೂರಿಸಿ ಒಂದು ಮೂಲೆಯಿಂದ ಎಬ್ಬಿಸಬೇಕು. ತಿರುಗಿಸಿ ನೋಡಿದಾಗ ತಳವೆಲ್ಲ ಕಿತ್ತ ಅಂಟಿನಿಂದ ಒರಟಾಗಿದ್ದರೆ ಕೆಲಸ ಸರಿ. ಎಲ್ಲಾದರೂ ನೀವು ಬಳಿದ ಅಂಟು ನುಣ್ಣಗೆ ಹಾಗೆಯೇ ಉಳಿದಿದ್ದರೆ, ನೆಲದ ಮೇಲೆ ಅದೇ ಜಾಗದಲ್ಲಿ ಹಲ್ಲಿನ ಗೆರೆಗಳು ಒಡೆಯದೆ ನಿಂತಿದ್ದರೆ, ಅಲ್ಲಿ ಟೊಳ್ಳು ಇತ್ತು ಎಂದು ಅರ್ಥ. ಅಂಟು ಸೇರಿಸಿ ಮತ್ತೆ ಕೂರಿಸಿ. ಮೊದಲ ದಿನ ನಾಲ್ಕೈದು ಕಲ್ಲನ್ನಾದರೂ ಹೀಗೆ ಎತ್ತಿ ನೋಡಿದರೆ ಎಷ್ಟು ಅಂಟಿಗೆ ಎಷ್ಟು ಒತ್ತಬೇಕು ಎಂಬುದು ಕೈಗೆ ಹತ್ತುತ್ತದೆ. ಕೆಲಸಗಾರರನ್ನು ಕರೆದಿದ್ದರೆ ನಿಮ್ಮೆದುರಿಗೇ ಒಂದು ಕಲ್ಲು ಎತ್ತಿಸಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಮೂಲೆಗೊಂದು, ನಡುವೆ ಒಂದು ಎಂದು ಐದು ಮುದ್ದೆ ಅಂಟಿಟ್ಟು ಕಲ್ಲು ಕೂರಿಸುವ ಅಭ್ಯಾಸ ಅಂಗಳದ ಕೆಲಸ ಮಾಡುವವರಲ್ಲಿ ಇನ್ನೂ ಇದೆ. ಬಿಸಿನೆಲದ ಮೇಲೆ ಅದಕ್ಕೆ ಜಾಗವೇ ಇಲ್ಲ.

ಟೈಲ್ಸ್ ಸಮ ಮಾಡಲು ಬಳಸುವ ಪ್ಲಾಸ್ಟಿಕ್ ಕ್ಲಿಪ್ಪುಗಳೂ ಇಲ್ಲಿ ಬೇಡ. ಅಂಚಿನ ದಪ್ಪ ಒಂದೇ ಇದ್ದರೆ ಮಾತ್ರ ಅವು ಕೆಲಸ ಮಾಡುತ್ತವೆ. ಒರಟು ಕಲ್ಲಿನಲ್ಲಿ ಒಂದು ಅಂಚನ್ನು ಮೇಲಕ್ಕೆಳೆದು ತಳದಲ್ಲಿ ಟೊಳ್ಳು ಮಾಡಿಬಿಡುತ್ತವೆ. ಅಕ್ಕಪಕ್ಕದ ಅಂಚುಗಳು ಒಂದೆರಡು ಮಿ.ಮೀ. ಹೆಚ್ಚುಕಮ್ಮಿಯಾದರೆ ಆಗಲಿ. ಬರಿಗಾಲು ಎಳೆದು ನಡೆದಾಗ ಬೆರಳು ತಾಗದಿದ್ದರೆ ಸಾಕು.

ಹಿಗ್ಗಲು ಬಿಡಬೇಕಾದ ಜಾಗ

ಐದು ಮೀಟರ್ ಉದ್ದದ ನೆಲ 15 ಡಿಗ್ರಿ ಬಿಸಿಯಾದರೆ ಮುಕ್ಕಾಲು ಮಿ.ಮೀ.ನಷ್ಟು ಹಿಗ್ಗಬಹುದು. ನೋಡಲು ಏನೂ ಅಲ್ಲ, ಆದರೆ ಎರಡೂ ಕಡೆ ಗೋಡೆಗೆ ಒತ್ತಿದ್ದರೆ ನಡುವಿನ ಕಲ್ಲುಗಳು ಜೋಡಿಯಾಗಿ ಮೇಲೇಳುತ್ತವೆ. ಗೋಡೆಯ ಬುಡದಲ್ಲಿ ಸುತ್ತಲೂ ಜಾಗ ಬಿಡಿ. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಬಾಗಿಲುಗಳ ಕೆಳಗೆ, ಹಳೆಯ ಮನೆಯ ನೆಲ ಹೊಸದನ್ನು ಸೇರುವಲ್ಲಿ, ಎರಡು ಬೇರೆ ಬೇರೆ ಹೀಟಿಂಗ್ ವಲಯಗಳ ನಡುವೆ, ಸ್ಕ್ರೀಡಿನಲ್ಲಿ ಸಂದು ಇದ್ದ ಕಡೆಯೆಲ್ಲ ಅದೇ ಗೆರೆಯ ಮೇಲೆ ಕಲ್ಲಿನಲ್ಲೂ ಸಂದು ಬರಬೇಕು. ಬಿಸಿನೆಲವನ್ನು 40 ಚದರ ಮೀಟರಿಗಿಂತ ದೊಡ್ಡದಾಗಿ, ಒಂದು ಬದಿ 8 ಮೀಟರಿಗಿಂತ ಉದ್ದವಾಗಿ ತುಂಡಿಲ್ಲದೆ ಬಿಡುವಂತಿಲ್ಲ. ಈ ಸಂದುಗಳಿಗೆ ಗ್ರೌಟ್ (ಕಲ್ಲುಗಳ ನಡುವಿನ ಸಂದಿಗೆ ತುಂಬುವ ಸಿಮೆಂಟಿನ ಕಲಸು) ತುಂಬಬೇಡಿ, ಕಲ್ಲಿಗೆ ಕಲೆ ಮಾಡದ ಸಿಲಿಕೋನ್ ತುಂಬಿ. ಸಾಮಾನ್ಯ ಸಿಲಿಕೋನಿನ ಎಣ್ಣೆ ಮರಳುಗಲ್ಲಿಗೆ ಇಳಿದು ಅಂಚು ಕಪ್ಪಾಗುತ್ತದೆ.

ಸೀಲರ್, ಗ್ರೌಟ್

ಗ್ರೌಟಿಗೆ ಮೊದಲು ಒಂದು ಕೋಟು ಸೀಲರ್ ಬಳಿಯಬೇಕು, ಇಲ್ಲದಿದ್ದರೆ ಗ್ರೌಟಿನ ಬಣ್ಣ ಕಲ್ಲಿನ ರಂಧ್ರಗಳಿಗೆ ಇಳಿಯುತ್ತದೆ. ಒಳಗೆ ಹೀರಿಕೊಳ್ಳುವ ಸೀಲರ್ ಆರಿಸಿ. ಮೇಲೆ ಪೊರೆಗಟ್ಟಿ ಹೊಳೆಯುವಂಥದ್ದು ಬಿಸಿನೆಲದ ತೇವವನ್ನು ಒಳಗೇ ಹಿಡಿದು ಬೆಳ್ಳಗಾಗುತ್ತದೆ, ಸಿಪ್ಪೆ ಏಳುತ್ತದೆ. ಅಂಟಿನ ತೇವ ಹೋಗಿ ಕಲ್ಲಿನ ಬಣ್ಣ ಒಂದೇ ಸಮನಾಗುವವರೆಗೆ ಸೀಲರ್ ಬಳಿಯಲು ಹೋಗಬೇಡಿ.

ಒರಟು ಕಲ್ಲಿಗೆ 8ರಿಂದ 12 ಮಿ.ಮೀ. ಸಂದು ಬೇಕು. ಇಡೀ ನೆಲದ ಮೇಲೆ ಗ್ರೌಟ್ ಸುರಿದು ರಬ್ಬರಿನಿಂದ ಎಳೆಯುವ ಪದ್ಧತಿ ಇಲ್ಲಿ ನಡೆಯದು, ಪ್ರತಿ ತಗ್ಗಿನಲ್ಲೂ ಸಿಮೆಂಟು ಕೂರುತ್ತದೆ. ಚೀಲದಿಂದಲೋ ಗನ್‌ನಿಂದಲೋ ಸಂದಿಗಷ್ಟೇ ತುಂಬಿಸಿ, ಸ್ವಲ್ಪ ಗಟ್ಟಿಯಾದ ಮೇಲೆ ಕರಣೆಯಿಂದ ಒತ್ತಿ ಕೂರಿಸಿ. ಒಣಗಿದ ಮೇಲೆ ಇನ್ನೊಂದು ಕೋಟು ಸೀಲರ್. ಆಸಿಡ್ ಬೆರೆತ ಕ್ಲೀನರನ್ನು ಸುಣ್ಣಕಲ್ಲಿನ ಹತ್ತಿರ ತರಬೇಡಿ.

ಬಿಸಿ ಹಾಕುವ ದಿನ

ಸಾಮಾನ್ಯ ಅಂಟಾದರೆ ಕನಿಷ್ಠ 14 ದಿನ ಹೀಟಿಂಗ್ ಮುಟ್ಟಬೇಡಿ. ಬೇಗ ಗಟ್ಟಿಯಾಗುವುದಾದರೆ ಚೀಲದ ಮೇಲೆ ಹೇಳಿದಷ್ಟು. ಆಮೇಲೆ ನೀರಿನ ಉಷ್ಣತೆಯನ್ನು ದಿನಕ್ಕೆ 5 ಡಿಗ್ರಿಗಿಂತ ಹೆಚ್ಚು ಏರಿಸದೆ ಮೇಲಕ್ಕೆ ತನ್ನಿ. ಬೇಸಿಗೆಯಲ್ಲಿ ಕೆಲಸ ಮುಗಿಸಿದವರು ಅಕ್ಟೋಬರಿನ ಮೊದಲ ಚಳಿಗೆ ಒಮ್ಮೆಲೇ ಗುಂಡಿ ಒತ್ತುವುದುಂಟು. ಆಗಲೂ ಇದೇ ಕ್ರಮ. ಓಡಾಡುವ ಕಡೆ ನೆಲದ ಮೇಲ್ಮೈ 29 ಡಿಗ್ರಿ ದಾಟಬಾರದು. ಕೋಣೆ 20 ಡಿಗ್ರಿ ಇದ್ದರೆ ಆ ನೆಲ ಚದರ ಮೀಟರಿಗೆ 100 ವ್ಯಾಟ್ ಸುಮಾರು ಶಾಖ ಕೊಡುತ್ತದೆ, ಚೆನ್ನಾಗಿ ಉಷ್ಣತಡೆ ಇರುವ ಕೋಣೆಗೆ ಅದು ಧಾರಾಳ. ಹೀಟ್ ಪಂಪ್ ಇದ್ದವರಿಗೆ 35ರಿಂದ 45 ಡಿಗ್ರಿ ನೀರೇ ಸಾಕಾಗುತ್ತದೆ.

ದಪ್ಪ ನೆಲವನ್ನು ರೇಡಿಯೇಟರಿನಂತೆ ಬೆಳಿಗ್ಗೆ ಹಾಕಿ ಮಧ್ಯಾಹ್ನ ಆರಿಸಿದರೆ ದುಡ್ಡು ದಂಡ. ರಾತ್ರಿ ಎರಡು-ಮೂರು ಡಿಗ್ರಿ ಇಳಿಸಿ, ನಸುಕಿನಲ್ಲಿ ಮತ್ತೆ ಏರುವಂತೆ ಹೊಂದಿಸಿ.

ವಿದ್ಯುತ್ ಮ್ಯಾಟ್ ಆದರೆ

ಸ್ನಾನದ ಮನೆಯಂಥ ಸಣ್ಣ ಜಾಗಕ್ಕೆ ತಂತಿಯ ಮ್ಯಾಟ್ ಹಾಕುತ್ತಾರೆ. ಒರಟು ಕಲ್ಲಿನ ಚೂಪು ತಳ, ಕರಣೆಯ ಅಂಚು ಎರಡೂ ಆ ತಂತಿಗೆ ಅಪಾಯ. ಅದಕ್ಕೆ ಮ್ಯಾಟನ್ನು ಮೊದಲು ತೆಳು ಲೆವೆಲಿಂಗ್ ಪದರದಲ್ಲಿ ಪೂರ್ತಿ ಮುಳುಗಿಸಿ, ಅದು ಒಣಗಿದ ಮೇಲೆ ಕಲ್ಲು ಹಾಸಿ. ಹಾಕುವ ಮೊದಲು, ಮುಳುಗಿಸಿದ ಮೇಲೆ, ಕಲ್ಲು ಹಾಸಿದ ಮೇಲೆ, ಮೂರೂ ಸಲ ಮೀಟರಿನಿಂದ ತಂತಿಯ ರೋಧ ಅಳೆದು ಬರೆದಿಡಿ. ತಂತಿಯ ಸುತ್ತ ಗಾಳಿ ಉಳಿದರೆ ಅಲ್ಲಿ ಕಾದು ಸುಡುತ್ತದೆ. ಸಂಪರ್ಕ ಕೊಡುವುದು ನೋಂದಾಯಿತ ಎಲೆಕ್ಟ್ರಿಷಿಯನ್ ಕೆಲಸ.

ಹಳೆಯ ಹಾಸುಗಲ್ಲು ಇದ್ದವರಿಗೆ

ಯಾರ್ಕ್‌ಷೈರ್ ಕಡೆಯ ಹಳೆಯ ಮನೆಗಳಲ್ಲಿ 50ರಿಂದ 75 ಮಿ.ಮೀ. ದಪ್ಪದ ಹಾಸುಗಲ್ಲುಗಳಿರುತ್ತವೆ. ಅವನ್ನು ಎತ್ತಿ, ಪೈಪು ಹಾಕಿ, ಮತ್ತೆ ಕೂರಿಸಬೇಕೆಂದರೆ ಚೀಲದ ಅಂಟಿನಿಂದಾಗದು. ಗಟ್ಟಿ ಗಾರೆಯ ಹಾಸಿನ ಮೇಲೆ, ತಳಕ್ಕೆ ಅಂಟಿನ ಗಂಜಿ ಬಳಿದು, ಒಂದೊಂದನ್ನೇ ತಟ್ಟಿ ಕೂರಿಸಬೇಕು. ತೇವತಡೆ ಇಲ್ಲದ, ಸುಣ್ಣದ ಗಾರೆಯ ಗೋಡೆಗಳ ಮನೆಯಾದರೆ ಕಾಂಕ್ರೀಟು, ಪ್ಲಾಸ್ಟಿಕ್ ಹಾಳೆ ಹಾಕಿ ನೆಲದ ತೇವವನ್ನು ಗೋಡೆಗೆ ತಳ್ಳುವ ಬದಲು ಸುಣ್ಣದ ಕಾಂಕ್ರೀಟಿನಲ್ಲೇ ಪೈಪು ಹುದುಗಿಸುವವರಿದ್ದಾರೆ. ಅಂಥ ಕೆಲಸ ಗೊತ್ತಿರುವವರನ್ನು ಹುಡುಕಿ ಕೇಳಿ, ಸಾಮಾನ್ಯ ಟೈಲ್ಸ್‌ನವರಿಗೆ ವಹಿಸಬೇಡಿ.

ಒಂದು ಕಲ್ಲು ಸಡಿಲವಾದರೆ

ಮೊದಲ ಚಳಿಗಾಲ ಕಳೆದ ಮೇಲೆ ನಾಣ್ಯದಿಂದ ಪ್ರತಿ ಕಲ್ಲನ್ನೂ ತಟ್ಟಿ ನೋಡಿ. ಎಲ್ಲಿಯಾದರೂ ಟೊಳ್ಳು ಸದ್ದು ಬಂದು, ಕಲ್ಲು ಅಲ್ಲಾಡದೆ ಗ್ರೌಟ್ ಬಿರಿಯದೆ ಇದ್ದರೆ ಗುರುತು ಹಾಕಿ ಹಾಗೆಯೇ ಬಿಡಿ. ಅಲ್ಲಾಡುತ್ತಿದ್ದರೆ ಸುತ್ತಲಿನ ಗ್ರೌಟನ್ನು ಕಲ್ಲಿನ ದಪ್ಪದಷ್ಟೇ ಆಳಕ್ಕೆ ಕತ್ತರಿಸಿ ತೆಗೆದು, ಹೀರುಗುಬ್ಬಿಯಿಂದ ಕಲ್ಲನ್ನು ಮೇಲೆತ್ತಿ. ಉಳಿ ಹಿಡಿದು ಹಳೆಯ ಅಂಟು ಕೆತ್ತುವಾಗ ಪೈಪಿನ ಫೋಟೋ ಪಕ್ಕದಲ್ಲಿರಲಿ, ಉಳಿ ನೆಲಕ್ಕೆ ಓರೆಯಾಗಿರಲಿ, ಸ್ಕ್ರೀಡಿನೊಳಗೆ ಇಳಿಯಬಾರದು. ಹುಡಿಯನ್ನೆಲ್ಲ ಹೀರಿಸಿ, ಮೊದಲಿನಂತೆ ಎರಡೂ ಕಡೆ ಅಂಟು ಬಳಿದು ಕೂರಿಸಿ. ಇದಕ್ಕೆಂದೇ ಕೊಳ್ಳುವಾಗ ಶೇ. 10ರಷ್ಟು ಹೆಚ್ಚಿಗೆ ಕಲ್ಲು ತಂದು, ಮಿಕ್ಕವನ್ನು ಗ್ಯಾರೇಜಿನಲ್ಲಿ ದಪ್ಪದ ಅಂಕಿ ಬರೆದು ಇಟ್ಟುಕೊಂಡಿರಬೇಕು. ಮುಂದಿನ ವರ್ಷ ಅದೇ ಗಣಿಯಿಂದ ಅದೇ ಬಣ್ಣ ಸಿಗುತ್ತದೆ ಎಂದು ಯಾವ ಮಳಿಗೆಯವರೂ ಬರೆದುಕೊಡುವುದಿಲ್ಲ.